ಹತ್ತಿರದ ಗೆರೆ

ಆನಂದಪುರ ದಾಟುವಷ್ಟರಲ್ಲಿ ಹನ್ನೊಂದರಲ್ಲಿ ಎಂಟು ಹೆಸರು ಸಿಕ್ಕಿದ್ದವು. ಟೆಂಪೋದ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತಿದ್ದ ಶ್ರೇಯಾಂಸ, ರಸ್ತೆಯನ್ನೇ ನೋಡುತ್ತಿರುವವನ ಹಾಗೆ ಮುಖ ಮಾಡಿಕೊಂಡು ತೊಡೆಯ ಮೇಲೆ ಬೆರಳು ಮಡಚುತ್ತಿದ್ದ. ಮೊದಲು ಗೋಲ್‌ಕೀಪರ್, ಆಮೇಲೆ ಹಿಂದಿನ ನಾಲ್ವರು, ಆಮೇಲೆ ನಡುವಿನವರು, ಕೊನೆಗೆ ಮುಂದಿನವರು. ನಲವತ್ತು ವರ್ಷಗಳಿಂದ ಅವನು ತಂಡವನ್ನು ಎಣಿಸುತ್ತಿದ್ದದ್ದೇ ಹಾಗೆ. ಐದನೇ ನಂಬರಿನ ಹತ್ತಿರ ಬೆರಳು ನಿಂತಿತ್ತು. ಮುಖ ಬರುತ್ತಿತ್ತು. ಓಡುವಾಗ ಎಡಗೈಯನ್ನು ಎದೆಗೆ ಒತ್ತಿಕೊಳ್ಳುವ ಅವಳ ಚಾಳಿ ಬರುತ್ತಿತ್ತು, ಬೂಟಿನ ಹಸಿರು ಲೇಸೂ ಬರುತ್ತಿತ್ತು, ಹೆಸರು ಮಾತ್ರ ಬಾಗಿಲ ಹಿಂದೆ ನಿಂತ ಮಗುವಿನ ಹಾಗೆ ಉಸಿರು ಕೇಳಿಸುತ್ತಾ ಹೊರಗೆ ಬರದೆ ನಿಂತಿತ್ತು. ಹಿಂದಿನ ಸೀಟುಗಳಲ್ಲಿ ಹುಡುಗಿಯರು ಅಂತ್ಯಾಕ್ಷರಿ ಹಾಡುತ್ತಿದ್ದರು. ತಿರುಗಿ ಕೇಳಿದರೆ ಯಾರಾದರೂ ಹೇಳುತ್ತಿದ್ದರು. ಆದರೆ ಒಂದು ವರ್ಷದಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಸಾಗರದ ಕಾಲೇಜಿನ ಮೈದಾನದಲ್ಲಿ ತಾನೇ ಆಡಿಸುತ್ತಿರುವ ಹುಡುಗಿಯ ಹೆಸರು ಕೇಳುವುದು ಹೇಗೆ. ಇವತ್ತೊಂದು ದಿನ ಯಾರಿಗೂ ತಿಳಿಯದ ಹಾಗೆ ಕಳೆದರೆ ಸಾಕು ಎಂದುಕೊಂಡ. ಇವತ್ತು ತೀರ್ಥಹಳ್ಳಿಯಲ್ಲಿ ಫುಟ್‌ಬಾಲ್ ಫೈನಲ್. ಇದು ಮುಗಿದರೆ ರಜೆ. ರಜೆಯಲ್ಲಿ ಹೆಸರುಗಳೇ ಬೇಕಾಗುವುದಿಲ್ಲ.

ಹೆಸರಿಲ್ಲದೆ ನಡೆಸಿಕೊಂಡು ಹೋಗುವುದಕ್ಕೆ ಅವನಲ್ಲೊಂದು ಹಳೆಯ ಉಪಾಯವಿತ್ತು. ಅವನು ಆಟಗಾರರನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದ. ಗೋಲ್‌ಕೀಪರ್ ಹೊಸನಗರ, ಎಡಗಡೆ ಓಡುವವಳು ರಿಪ್ಪನ್‌ಪೇಟೆ, ಐದನೇ ನಂಬರಿನ ಉದ್ದದ ಹುಡುಗಿ ಕೋಣಂದೂರು. ಹುಡುಗಿಯರಿಗೆ ಅದೊಂದು ಹೆಮ್ಮೆ. ಇದು ಮರೆವಿನಿಂದ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಲ್ಕತ್ತೆಗೆ ಹೋದಾಗ ಅಲ್ಲಿನವರ ಬಾಯಲ್ಲಿ ಶ್ರೇಯಾಂಸ ಎಂಬ ಹೆಸರು ಹೊರಳದೆ, ಯಾವ ಊರು ಎಂದು ಕೇಳಿ, ಅಂದಿನಿಂದ ಅವನನ್ನು ಕಾರ್ಗಲ್ ಎಂದೇ ಕೂಗಿದರು. ಗೋವೆಯಲ್ಲೂ ಅದೇ, ಕೇರಳದಲ್ಲೂ ಅದೇ. ಆಮೇಲೆ ಕೋಚ್ ಆಗಿ ಮಿಜೋರಾಮಿಗೆ, ಭೂತಾನಿಗೆ, ಮಾಲ್ಡೀವ್ಸಿಗೆ, ಮಸ್ಕತ್ತಿಗೆ ಹೋದಾಗಲೂ ಹಳೆಯ ಯಾರೋ ಒಬ್ಬ ಮುಂದೆ ಬಂದು ಕಾರ್ಗಲ್ ಎಂದು ತಬ್ಬಿಕೊಳ್ಳುತ್ತಿದ್ದ. ಲಿಂಗನಮಕ್ಕಿ ಅಣೆಕಟ್ಟಿನ ಸ್ಟೋರ್‌ಕೀಪರನ ಮಗ, ಮೆಸ್ಸಿನಲ್ಲಿ ಮೊಟ್ಟೆ ಮುಟ್ಟದೆ ಬರೀ ಅನ್ನ ಬೇಳೆ ತಿಂದು ಎಲ್ಲರಿಗಿಂತ ಎತ್ತರಕ್ಕೆ ಜಿಗಿಯುವ ಜೈನರ ಹುಡುಗ. 'ಗೆಡ್ಡೆ ತಿನ್ನೋದಿಲ್ಲ ಅಂತೀಯ, ನೆಲದ ಮೇಲೆ ನಿಲ್ಲೋದೂ ಇಲ್ಲ' ಎಂದು ಕಲ್ಕತ್ತೆಯ ಮುದುಕ ಅಡುಗೆಯವನು ನಗುತ್ತಿದ್ದ. ಆ ಅಡುಗೆಯವನ ಮೂಗಿನ ಮೇಲಿನ ನರೋಲಿ ಕೂಡ ನೆನಪಿದೆ. ಹಿಂದಿನದೆಲ್ಲ ಇದೆ. ಮೊನ್ನೆಯದು, ಇವತ್ತಿನದು ಇಲ್ಲ.

ಜೇಬಿನಲ್ಲಿ ಚೀಟಿಯಿತ್ತು. ಒಂದು ತಿಂಗಳಿಂದ ಹನ್ನೊಂದು ಹೆಸರು ಬರೆದ ಚೀಟಿಯೊಂದನ್ನು ಅವನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ; ಹೆಂಡತಿ ಜ್ವಾಲಾಮಾಲಿನಿಗೆ ಕಾಣದ ಹಾಗೆ ಬಟ್ಟೆ ಒಗೆಯಲು ಹಾಕುವ ಮೊದಲು ತೆಗೆದಿಡುತ್ತಿದ್ದ. ನಿನ್ನೆ ತೆಗೆದಿಡಲು ಮರೆತಿರಬೇಕು. ಇವತ್ತು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೇಬಿಗೆ ಕೈ ಹಾಕಿದಾಗ ಚೀಟಿ ಇತ್ತು, ಆದರೆ ಅವನ ಚೀಟಿಯಲ್ಲ. ನೀರಿನಲ್ಲಿ ಹೋದದ್ದನ್ನು ಹೆಂಡತಿ ಹೊಸ ಕಾಗದದ ಮೇಲೆ ತನ್ನ ದುಂಡು ಅಕ್ಷರದಲ್ಲಿ ತಿದ್ದಿ ಬರೆದಿದ್ದಳು, ಹನ್ನೊಂದು ಹೆಸರು, ಒಂದರ ಕೆಳಗೊಂದು. ಎಲ್ಲದರ ಕೆಳಗೆ ಒಂದು ಫೋನ್ ನಂಬರ್. ಅದು ಯಾರದೆಂದು ಬರೆದಿರಲಿಲ್ಲ. ಅದು ಅವಳದೇ ಎಂದು ಅವನಿಗೆ ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಆ ಸ್ವಲ್ಪ ಹೊತ್ತಿನಲ್ಲಿ ಅವನು ಬಚ್ಚಲಮನೆಯ ಗೋಡೆಗೆ ಒರಗಿ ನಿಂತಿದ್ದ. ಹೊರಗೆ ಬಂದಾಗ ಅವಳು, "ತಿಂಡಿ ಆರ್ತದೆ, ಬನ್ನಿ" ಎಂದಳು. ಅವನು "ಬಂದೆ" ಎಂದ. ಇಬ್ಬರೂ ಅಷ್ಟೇ ಆಡಿದ್ದು. ಮೂವತ್ತೊಂದು ವರ್ಷದಲ್ಲಿ ಇಷ್ಟು ದೊಡ್ಡ ಮಾತನ್ನು ಅವರು ಆಡದೆ ಬಿಟ್ಟದ್ದು ಇದೇ ಮೊದಲು.

ಈಗ ಚೀಟಿ ತೆಗೆದು ನೋಡಬಹುದಿತ್ತು. ಆದರೆ ಚೀಟಿಯಲ್ಲಿ ಹೆಸರುಗಳಿದ್ದವು, ಮುಖಗಳಿರಲಿಲ್ಲ. ನಂಬರ್ ಹಾಕಬೇಕೆಂದು ಪಾಪ ಅವಳಿಗೇನು ಗೊತ್ತು.

ರಿಪ್ಪನ್‌ಪೇಟೆಯ ವೃತ್ತದಲ್ಲಿ ಟೆಂಪೋ ಚಹಾಕ್ಕೆ ನಿಂತಿತು. ಅವನು ಹೋಟೆಲಿನ ಹಿಂದುಗಡೆ ಹೋಗಿ ಕೈಕಾಲು ತೊಳೆದು ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬಿಳಿ ಟೆಂಪೋದ ಬಾಗಿಲು ತೆಗೆದು ಹತ್ತಿ ಕೂತ. ಕೂತ ಮೇಲೆ ಮಲ್ಲಿಗೆಯ ವಾಸನೆ ಬಂತು. ತಿರುಗಿದರೆ ರೇಷ್ಮೆ ಸೀರೆಯ ಹೆಂಗಸರು, ತೊಡೆಯ ಮೇಲೆ ಹರಿವಾಣ, ಹಣ್ಣಿನ ಬುಟ್ಟಿ. ಯಾರದೋ ನಿಶ್ಚಿತಾರ್ಥಕ್ಕೆ ಹೊರಟವರು. "ಯಾರು ಬೇಕಿತ್ತು ಮಾರಾಯ್ರೆ?" ಎಂದಳು ಒಬ್ಬ ಮುದುಕಿ, "ಹುಡುಗನ ಕಡೆಯವ್ರಾ?" ಹತ್ತು ಮಾರು ದೂರದಲ್ಲಿ ಇನ್ನೊಂದು ಬಿಳಿ ಟೆಂಪೋದ ಕಿಟಕಿಗಳಿಂದ ಅವನ ಹುಡುಗಿಯರು ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವನು ಈ ವರ್ಷದಲ್ಲಿ ಕಲಿತಿದ್ದ. ಇಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು, "ನಿಮ್ಮ ಹಾಡು ಕೇಳೋಕಿಂತ ಯಾರದ್ದಾದ್ರೂ ಊಟಕ್ಕೆ ಹೋಗೋದೇ ವಾಸಿ ಅನ್ನಿಸ್ತು" ಎಂದ. ಹುಡುಗಿಯರು ಬಿದ್ದು ಬಿದ್ದು ನಕ್ಕರು. "ನಮ್ಮನ್ನೂ ಕರ್ಕೊಂಡು ಹೋಗ್ಬೇಕಿತ್ತು ಸರ್, ಹೋಳಿಗೆ ಇರ್ತಿತ್ತು" ಎಂದಳು ರಿಪ್ಪನ್‌ಪೇಟೆಯವಳು, ನವ್ಯಾ. ಈ ಹೆಸರು ಹೇಗೋ ಉಳಿದಿತ್ತು. ಸರ್ ಈಚೀಚೆಗೆ ಬಹಳ ತಮಾಷೆ ಮಾಡುತ್ತಾರೆ ಎಂಬುದು ಕಾಲೇಜಿನಲ್ಲೆಲ್ಲ ಮಾತಾಗಿತ್ತು. ಜಿನಶ್ರೀ ಮಾತ್ರ ನಗಲಿಲ್ಲ. ಅವಳು ಕಾಲೇಜಿನ ವ್ಯಾಯಾಮ ಶಿಕ್ಷಕಿ, ಮೂವತ್ತು ದಾಟಿರಲಿಲ್ಲ; ತಂಡದ ಪಟ್ಟಿ, ಐಸ್ ಪೆಟ್ಟಿಗೆ, ನೀರಿನ ಬಾಟಲಿ ಎಲ್ಲ ಅವಳದೇ ಜವಾಬ್ದಾರಿ. ಅವಳು ಅವನ ಕೈಗೆ ಚಹಾದ ಲೋಟ ಕೊಟ್ಟು, "ಸಕ್ಕರೆ ಹಾಕಿಸಿದೀನಿ ಸರ್" ಎಂದಳು, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ. ಅಥವಾ ಹಾಗೆಂದು ಅವನಿಗೆ ಅನ್ನಿಸಿತು. ಈಗೀಗ ಯಾರು ಮೆತ್ತಗೆ ಮಾತಾಡಿದರೂ ಅವನಿಗೆ ಹೆದರಿಕೆಯಾಗುತ್ತಿತ್ತು.

ಶಿವಮೊಗ್ಗದ ಡಾಕ್ಟರೂ ಮೆತ್ತಗೇ ಮಾತಾಡಿದ್ದರು. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋಗಿದ್ದ. ಮರೆವಿನ ಪರೀಕ್ಷೆಗೆಂದು ಒಂದು ಗಡಿಯಾರ ಬರೆಯಿರಿ ಎಂದರು. ಹನ್ನೊಂದು ಗಂಟೆ ಹತ್ತು ನಿಮಿಷ. ಅವನು ವೃತ್ತ ಬರೆದ, ನಡುವೆ ಚುಕ್ಕಿ ಇಟ್ಟ, ಆಮೇಲೆ ಕೈ ತಾನಾಗಿಯೇ ಆ ಚುಕ್ಕಿಯ ಮೂಲಕ ಆಚೆಯಿಂದ ಈಚೆಗೆ ಒಂದು ಗೆರೆ ಎಳೆದುಬಿಟ್ಟಿತು. ಮೈದಾನದ ನಡುವೃತ್ತ. ಅಂಕಿಗಳನ್ನು ಎಲ್ಲಿ ಕೂರಿಸಬೇಕೆಂದು ತೋಚದೆ ಪೆನ್ನು ಹಿಡಿದು ಕೂತ. "ಎಷ್ಟು ಸಲ ಚೆಂಡಿಗೆ ತಲೆ ಕೊಟ್ಟಿರಬಹುದು ನೀವು, ಅಂದಾಜು?" ಎಂದು ಡಾಕ್ಟರು ಕೇಳಿದಾಗ ನಕ್ಕುಬಿಟ್ಟಿದ್ದ. ಕಾರ್ಗಲ್ಲಿನ ಕಾಲೊನಿಯ ಹುಣಸೆಮರದ ಕೊಂಬೆಗೆ ಬಲೆಯ ಚೀಲದಲ್ಲಿ ಚೆಂಡು ತೂಗುಬಿಟ್ಟು, ಪ್ರಾಜೆಕ್ಟಿನ ಮಲಯಾಳಿ ವೆಲ್ಡರ್ ಒಬ್ಬರು ಅವನಿಗೆ ಹೆಡ್ ಮಾಡುವುದು ಕಲಿಸಿದ್ದರು. ದಿನಾ ನೂರು. ವಾರಕ್ಕೊಮ್ಮೆ ಚೆಂಡಿನ ಹಗ್ಗ ಒಂದು ಗಂಟು ಮೇಲೇರುತ್ತಿತ್ತು. ಮಳೆಗಾಲದಲ್ಲಿ ತೊಗಲಿನ ಚೆಂಡು ನೀರು ಕುಡಿದು ಕಲ್ಲಾಗುತ್ತಿತ್ತು. ಹಣೆಯ ಮೇಲೆ ಹೊಲಿಗೆಯ ಗುರುತು ಮೂಡುತ್ತಿತ್ತು, ಅಮ್ಮ ಅರಿಸಿನ ಹಚ್ಚುತ್ತಾ, ಇರುವೆಗೂ ನೋವಾಗಬಾರದು ಎನ್ನುವ ಮನೆಯಲ್ಲಿ ಹುಟ್ಟಿ ನಿನ್ನ ತಲೆಗೇ ಹೊಡೆಸಿಕೊಳ್ಳುತ್ತೀಯಲ್ಲೋ ಎನ್ನುತ್ತಿದ್ದಳು. ಆ ಹಗ್ಗವನ್ನು ಅವನು ಹೋದ ಕಡೆಯೆಲ್ಲ ಕಟ್ಟಿದ. ಮಿಜೋರಾಮಿನಲ್ಲಿ ಐಜ್ವಾಲಿನ ಗುಡ್ಡದ ಮೇಲೆ ಪೈನ್ ಮರಕ್ಕೆ, ಮಾಲ್ಡೀವ್ಸಿನಲ್ಲಿ ತೆಂಗಿನ ಮರಕ್ಕೆ, ಮಸ್ಕತ್ತಿನಲ್ಲಿ ಮರವಿಲ್ಲದೆ ದೀಪದ ಕಂಬಕ್ಕೆ. ಎಷ್ಟು ತಲೆಗಳು. ಬಸ್ಸಿನಲ್ಲಿ ವಾಪಸು ಬರುವಾಗ ತನ್ನ ಒಂದು ತಲೆಯ ಲೆಕ್ಕ ಹಾಕಲು ಹೊರಟವನು, ಈ ಬೇರೆ ತಲೆಗಳು ನೆನಪಾಗಿ, ಲೆಕ್ಕ ಬಿಟ್ಟಿದ್ದ. ಆದರೂ ಮಾರನೆಯ ಬೆಳಿಗ್ಗೆ ಸಾಗರದ ಮೈದಾನದ ಮಾವಿನ ಮರದಿಂದ ಹಗ್ಗ ಬಿಚ್ಚಿರಲಿಲ್ಲ. ಬಿಚ್ಚಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಕೋಣಂದೂರಿನವಳು ಆ ವಾರ ಒಂಬತ್ತನೆಯ ಗಂಟಿಗೆ ಏರಿದ್ದಳು.

ಕೋಣಂದೂರಿನ ಬಸ್‌ಸ್ಟ್ಯಾಂಡಿನ ಎದುರು ಅವಳ ಅಪ್ಪ ಸುಂದರೇಶ ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಶನಿವಾರದ ಬೆಳಗಿನ ಶಾಲೆ ಬಿಟ್ಟು ಎರಡು ನಿಮಿಷಕ್ಕೆಂದು ಓಡಿಬಂದವರು. ಶ್ರೇಯಾಂಸ ಕಿಟಕಿಯ ಗಾಜು ಪೂರಾ ಇಳಿಸಿ ಕಿವಿಗೊಟ್ಟ. ಅಪ್ಪ ಮಗಳನ್ನು ಕರೆಯುತ್ತಾರೆ, ಹೆಸರು ಸಿಗುತ್ತದೆ. "ಪುಟ್ಟೀ" ಎಂದರು ಸುಂದರೇಶ, "ಚಿತ್ರಾನ್ನ ಇದೆ. ಆಟ ಆದ್ಮೇಲೆ ತಿನ್ನು, ಮೊದ್ಲೇ ತಿಂದು ಓಡ್ಬೇಡ." ಪುಟ್ಟಿ. ಅವನಿಗೆ ಅಳು ಬಂದಂತಾಯಿತು. ಸುಂದರೇಶ ಮುಂದಿನ ಕಿಟಕಿಗೆ ಬಂದು ಕೈ ಮುಗಿದರು. "ಸರ್, ನಿಮ್ಮಂಥವ್ರು ದೇಶ ಸುತ್ತಿದವ್ರು ಇದೀರಿ ಅಂತ ಕಳಿಸಿದೀನಿ. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯೋ ಹುಡುಗಿ. ಕಾಲು ಬೇಕಾದ್ರೆ ಮುರೀಲಿ, ಕೂಡಿಸ್ಬಹುದು. ತಲೆ ಒಂದು ಜೋಪಾನ." ತಮಾಷೆಗೆ ಹೇಳಿದ್ದು. ಶ್ರೇಯಾಂಸನೂ ನಕ್ಕ, "ಅವಳ ತಲೆ ನನ್ನ ಜವಾಬ್ದಾರಿ ಮೇಷ್ಟ್ರೆ" ಎಂದ. ಟೆಂಪೋ ಹೊರಟ ಮೇಲೆ ಆ ಮಾತು ಬಾಯಲ್ಲಿ ಹಾಗೇ ಉಳಿದು, ಕಹಿಯಾಗಿ, ತೀರ್ಥಹಳ್ಳಿಯ ಸೇತುವೆ ಕಾಣುವವರೆಗೂ ಹೋಗಲಿಲ್ಲ.

ಮೈದಾನದಲ್ಲಿ ಆಟಕ್ಕೆ ಮೊದಲು ಎರಡೂ ತಂಡದವರನ್ನು ಕರೆದು ನಿಯಮ ಹೇಳುವ ಪದ್ಧತಿ. ಮೇಜಿನ ಹಿಂದೆ ಮಾರಪ್ಪ ಕೂತಿದ್ದ, ನಿವೃತ್ತ ಡ್ರಿಲ್ ಮೇಷ್ಟ್ರು, ಸ್ಕೋರು ಬರೆಯುವವನೂ ಅವನೇ, ಮೈಕಿನಲ್ಲಿ ಕೂಗುವವನೂ ಅವನೇ. ಶ್ರೇಯಾಂಸನನ್ನು ಕಂಡು ಎದ್ದು ನಿಂತು, ಕುರ್ಚಿಯನ್ನು ಟವೆಲಿನಿಂದ ಒರೆಸಿದ. "ನಮ್ಮೂರಿನ ಟೂರ್ನಮೆಂಟು ಸಾರ್, ಒಮ್ಮೆ ಹೊರಗೆ ಬಂದವರು ಬೇಕಾದ್ರೆ ಮತ್ತೆ ಹೋಗ್ಲಿ, ಹುಡುಗೀರು ಸುಸ್ತಾಗ್ತಾರೆ" ಎಂದಾಗ ಶ್ರೇಯಾಂಸನೇ ಒಪ್ಪಲಿಲ್ಲ. "ಅದು ಕಬಡ್ಡಿ ಮಾರಪ್ಪ. ಇಲ್ಲಿ ಹೊರಗೆ ಬಂದವಳು ಹೊರಗೇ. ಹತ್ತಿರದ ಗೆರೆ ಯಾವುದೋ ಅದನ್ನ ದಾಟಿ ಹೋಗ್ಬೇಕು, ಮತ್ತೆ ಬರೋ ಹಾಗಿಲ್ಲ. ಬಂದ್ರೆ ಆ ತಂಡ ಸೋತ ಹಾಗೆ. ನಿಯಮ ಅಂದ್ರೆ ನಿಯಮ." ಎಲ್ಲರೂ ತಲೆಯಾಡಿಸಿದರು. ನಿಯಮಗಳು ಅವನಲ್ಲಿ ಒಂದೂ ಅಳಿಸಿರಲಿಲ್ಲ. ಆ ಕ್ಷಣ ತಾನು ಪೂರ್ತಿ ನೆಟ್ಟಗಿದ್ದೇನೆ ಎನ್ನಿಸಿ ಅವನು ಬೆನ್ನು ಸೆಟೆಸಿದ.

ಆಮೇಲೆ ಹುಡುಗಿಯರು ಸುತ್ತ ಕೂತು, "ಸರ್, ಆ ಗೋಲಿನ ಕಥೆ" ಎಂದರು. ಪ್ರತಿ ಮ್ಯಾಚಿಗೆ ಮೊದಲು ಅದು ಆಗಲೇಬೇಕು. ತೊಂಬತ್ತೊಂದನೆಯ ಇಸವಿ, ಸೆಮಿಫೈನಲ್, ಎದುರಾಳಿಯ ಮೊಣಕೈ ಬಡಿದು ಅವನು ನೆಲಕ್ಕೆ ಬಿದ್ದದ್ದು, ಎದ್ದು ನಿಂಬೆ ಸೋಡಾ ಕುಡಿದು ಮತ್ತೆ ಇಳಿದದ್ದು, ನಲವತ್ತು ನಿಮಿಷ ರಕ್ತದ ಬ್ಯಾಂಡೇಜ್ ಕಟ್ಟಿಕೊಂಡು ಆಡಿ ಕೊನೆಯ ಕಾರ್ನರಿಗೆ ಎಲ್ಲರ ಮೇಲೆ ಎದ್ದು ತಲೆಯಿಂದ ಹೊಡೆದ ಗೋಲು. ಪತ್ರಿಕೆಯವರು ತೆಗೆದ ಆ ಫೋಟೋ ಮನೆಯ ಗೋಡೆಯ ಮೇಲಿದೆ. ಅವನು ಗಾಳಿಯಲ್ಲಿದ್ದಾನೆ, ಕಣ್ಣು ಮುಚ್ಚಿದೆ. ಕಥೆಯನ್ನು ಅವನು ಏಳು ಭಾಷೆಯಲ್ಲಿ ಹೇಳಿದ್ದಾನೆ. ಯಾರಿಗೂ ಹೇಳದೆ ಬಿಟ್ಟದ್ದು ಒಂದೇ: ಆ ಗೋಲು ಅವನಿಗೆ ನೆನಪಿಲ್ಲ. ಮೊಣಕೈ ನೆನಪಿದೆ, ಆಮೇಲೆ ಆಸ್ಪತ್ರೆಯ ಹಸಿರು ಪರದೆ. ನಡುವಿನ ನಲವತ್ತು ನಿಮಿಷವನ್ನು ಮಾರನೆಯ ದಿನದ ಪತ್ರಿಕೆ ಓದಿ ಬಾಯಿಪಾಠ ಮಾಡಿದ್ದು. ತನ್ನ ಜೀವಮಾನದ ದೊಡ್ಡ ಗೋಲನ್ನು ಇನ್ಯಾರೋ ಹೊಡೆದು ಹೋಗಿದ್ದಾರೆ. "ಆಟಗಾರ ಅಂದ್ರೆ ಅದು. ಬಿದ್ದರೂ ಬಿದ್ದೆ ಅಂತ ಹೇಳ್ಬಾರ್ದು" ಎಂದು ಮುಗಿಸಿದ, ಯಾವಾಗಲೂ ಮುಗಿಸುವ ಹಾಗೆ. ಕೋಣಂದೂರಿನವಳು ಬಾಯಿ ತೆರೆದು ಕೇಳುತ್ತಿದ್ದಳು.

ಹಾಗಾಗಿಯೇ ಅವಳು ಹೇಳಲಿಲ್ಲ. ಆಟ ಶುರುವಾಗಿ ಅರ್ಧ ಗಂಟೆಯಾಗಿತ್ತು, ಎರಡೂ ಕಡೆ ಒಂದೊಂದು ಗೋಲು. ತೀರ್ಥಹಳ್ಳಿಯ ಹುಡುಗಿಯೊಬ್ಬಳೂ ಅವಳೂ ಒಂದೇ ಚೆಂಡಿಗೆ ಎದ್ದರು. ತೆಂಗಿನಕಾಯಿ ಒಡೆದಂಥ ಸದ್ದು ಗೆರೆಯ ಈಚೆಗೂ ಕೇಳಿಸಿತು. ಬಿದ್ದವಳು ಎದ್ದಳು, ಜಡೆ ಸರಿಮಾಡಿಕೊಂಡಳು, ಕೈ ಎತ್ತಿ ಏನಿಲ್ಲ ಎಂದು ತೋರಿಸಿದಳು. ಹಾಫ್‌ಟೈಮಿಗೆ ಬಂದು ಅವನ ಎದುರು ಕೂತು ಕೇಳಿದಳು: "ಸರ್, ಈಗ ನಮ್ದು ಯಾವ ಗೋಲ್?" ಅವನು ತೋರಿಸಿದ. ಅವಳು ನೀರು ಕುಡಿದಳು, ಬಾಟಲಿಯ ಮುಚ್ಚಳ ಹಾಕಿದಳು, ಮತ್ತೆ ಅವನ ಕಡೆ ತಿರುಗಿ, ಮೊದಲ ಸಲ ಕೇಳುವವಳ ಹಾಗೆ, "ಸರ್, ಈಗ ನಮ್ದು ಯಾವ ಗೋಲ್?" ಎಂದಳು. ಆ ದನಿ ಅವನಿಗೆ ಗೊತ್ತಿತ್ತು. ಒಳಗಿನಿಂದ ಗೊತ್ತಿತ್ತು. "ಇವಳು ಹೊರಗೆ" ಎಂದ ಜಿನಶ್ರೀಗೆ, "ಮಾರಪ್ಪನಿಗೆ ಚೀಟಿ ಬರಿ, ಐದನೇ ನಂಬರ್ ಹೊರಗೆ." ಹುಡುಗಿ ಗೋಗರೆದಳು, "ಆಡ್ತೀನಿ ಸರ್, ನಿಮ್ಮ ಥರಾನೇ ಆಡ್ತೀನಿ, ಏನೂ ಆಗಿಲ್ಲ." "ಮಾತಾಡ್ಬೇಡ, ಕೂತ್ಕೋ." ಬಹಳ ದಿನಗಳ ಮೇಲೆ ಅವನು ಒಂದು ಕೆಲಸವನ್ನು ಪೂರ್ತಿ ಸರಿಯಾಗಿ ಮಾಡಿದ್ದ. ಜಿನಶ್ರೀ ಪೆಟ್ಟಿಗೆಯಿಂದ ಐಸ್ ತೆಗೆದು ಟವೆಲಿನಲ್ಲಿ ಸುತ್ತಿ ಅವನ ಎಡಗೈಗೆ ಕೊಟ್ಟಳು. "ಟೆಂಪೋದವ್ನು ಊಟಕ್ಕೆ ಹೋಗಿದಾನೆ, ಫೋನ್ ಎತ್ತಲ್ಲ. ನಾನು ಪೇಟೆಗೆ ಹೋಗಿ ಆಟೋ ತರ್ತೀನಿ ಸರ್, ಆಸ್ಪತ್ರೆಗೆ ತೋರಿಸೋಣ. ಹರಿಪ್ರಿಯಾನ ಬಿಟ್ಟು ಎಲ್ಲೂ ಹೋಗ್ಬೇಡಿ. ಐಸ್ ಹಿಡ್ಕೊಂಡಿರಿ." ಹರಿಪ್ರಿಯಾ! ಬಾಗಿಲ ಹಿಂದಿನ ಮಗು ಹೊರಗೆ ಬಂದು ನಿಂತಿತು. ಹರಿಪ್ರಿಯಾ, ಹರಿಪ್ರಿಯಾ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ, ಮುಷ್ಟಿಯಲ್ಲಿ ನೀರು ಹಿಡಿದವನ ಹಾಗೆ.

ಎರಡನೆಯ ಅರ್ಧದಲ್ಲಿ ಬಿಸಿಲು ಎದುರಾಯಿತು. ಕೆಂಪು ಧೂಳು ಎದ್ದು ಆಟಗಾರರ ಮೊಣಕಾಲವರೆಗೆ ಹೊಗೆಯಾಡುತ್ತಿತ್ತು. ಅವನು ಬೆಂಚಿನ ಮೇಲೆ ಕೂತು ಕೂಗಿದ, ಎದ್ದು ಕೂಗಿದ, ಹೊಸನಗರ ಮುಂದೆ ಬಾ, ರಿಪ್ಪನ್‌ಪೇಟೆ ಗೆರೆ ಹಿಡಿ. ಒಮ್ಮೆ ಧೂಳಿನಲ್ಲಿ ಹುಡುಗಿಯರ ಬದಲು ಕಲ್ಕತ್ತೆಯ ಕೆಸರು ಕಂಡಿತು. ಒಮ್ಮೆ ಐಜ್ವಾಲಿನ ಮೈದಾನದ ಅಂಚು. ಆ ಮೈದಾನದಿಂದ ಚೆಂಡು ಹೊರಗೆ ಹೋದರೆ ಕಣಿವೆಗೆ ಬೀಳುತ್ತಿತ್ತು, ತರಲು ಹೋದವನು ಹತ್ತು ನಿಮಿಷಕ್ಕೆ ಬರುತ್ತಿದ್ದ. ಅಲ್ಲಿ ಒಬ್ಬ ಹುಡುಗ ಹಾಫ್‌ಟೈಮಿನಲ್ಲಿ ವಾಂತಿ ಮಾಡಿಕೊಂಡಿದ್ದ. ನಿಂಬೆ ಸೋಡಾ ಕುಡಿದು ಇಳಿ ಎಂದಿದ್ದ ಶ್ರೇಯಾಂಸ. ಹುಡುಗ ಇಳಿದ. ಮಾರನೆಯ ವರ್ಷ ತರಬೇತಿಗೆ ಬರಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ, ಶ್ರೇಯಾಂಸನೂ ಕೇಳಲಿಲ್ಲ. ಅವನ ಊರಿನ ಹೆಸರು ಏನಿತ್ತು. ಊರಿನ ಹೆಸರೂ ಹೋಯಿತೇ. ಮೈಕಿನಲ್ಲಿ ಮಾರಪ್ಪ ಇನ್ನು ನಾಲ್ಕು ನಿಮಿಷ ಎಂದು ಕೂಗುತ್ತಿದ್ದ. ಆ ಕಡೆಯ ಗೋಲಿನ ಬಳಿ ಗದ್ದಲವೆದ್ದು ಚೆಂಡು ಹಿಂದಿನ ಗೆರೆ ದಾಟಿತು. ಕಾರ್ನರ್, ಸಾಗರಕ್ಕೆ.

"ಸರ್" ಎಂದು ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಕಾಲೇಜು ಸಮಿತಿಯ ಕಾರ್ಯದರ್ಶಿ ಶ್ರೀಕರ. ಮಾರ್ಚಿನ ನಂತರ ಕೋಚ್ ಬೇಕೋ ಬೇಡವೋ ಎಂದು ತೀರ್ಮಾನಿಸುವವರು, ಆಟದ ಕೊನೆಗೆ ಬಂದವರು, ಬಿಳಿ ಅಂಗಿಗೆ ಧೂಳು ತಾಗದಂತೆ ನಿಂತಿದ್ದರು. "ನಮ್ಮ ಆ ಉದ್ದದ ಹುಡುಗಿ ಎಂತಕ್ಕೆ ಕೂತಿದಾಳೆ ಇಲ್ಲಿ? ಕಾರ್ನರ್ ಅಲ್ವಾ, ತಲೆ ಕೊಡೋಕೆ ಅವಳೇ ಬೇಕಲ್ಲ."

ಶ್ರೇಯಾಂಸ ತಿರುಗಿ ನೋಡಿದ. ಪಕ್ಕದಲ್ಲಿ ಕೋಣಂದೂರು ಕೂತಿದ್ದಳು, ಬೂಟು ಹಾಕಿಕೊಂಡು, ಹಸಿರು ಲೇಸು ಬಿಗಿದು. ಯಾಕೆ ಕೂತಿದ್ದಾಳೆ. ಅವನು ಹುಡುಕಿದ. ಬೆಳಗಿನಿಂದ ಹುಡುಕಿದ ಹಾಗೆ ಹುಡುಕಿದ, ಆ ಜಾಗದಲ್ಲಿ ಏನೂ ಇರಲಿಲ್ಲ, ಗುಡಿಸಿಟ್ಟ ಅಂಗಳದ ಹಾಗೆ ಇತ್ತು. ಶ್ರೀಕರರ ಕಣ್ಣು ತನ್ನ ಮುಖದ ಮೇಲಿದೆ. ಒಂದು ಕ್ಷಣ ಹೆಚ್ಚಾದರೆ ತಿಳಿದುಬಿಡುತ್ತದೆ. ನಿಶ್ಚಿತಾರ್ಥದವರ ಟೆಂಪೋದಿಂದ ಇಳಿದುಬಂದ ಅದೇ ನಗುವನ್ನು ಅವನು ಮುಖಕ್ಕೆ ತಂದುಕೊಂಡ. "ಅದಕ್ಕೇ ಕಾಯ್ತಿದ್ದೆ" ಎಂದ. "ಕೋಣಂದೂರು, ಏಳು."

ಅವಳು ಎದ್ದಳು. ಅವಳಿಗೂ ತಾನು ಯಾಕೆ ಕೂತಿದ್ದೇನೆಂದು ಗೊತ್ತಿದ್ದ ಹಾಗೆ ಕಾಣಲಿಲ್ಲ. ಸರ್ ಹೇಳಿದರು, ಎದ್ದಳು. ಅವನು ಚೀಟಿ ಗೀಚಿ ಮೇಜಿನ ಮೇಲಿಟ್ಟ. ಮಾರಪ್ಪ ಚೀಟಿ ನೋಡಿ, ತನ್ನ ಪುಸ್ತಕ ನೋಡಿ, ಮೈಕನ್ನು ಕೈಯಿಂದ ಮುಚ್ಚಿ, "ಸಾರ್, ಐದು ಆಗ್ಲೇ ಹೊರಗೆ ಬಂದಿತ್ತಲ್ಲ?" ಎಂದ.

"ಮಾರಪ್ಪ, ನಾಲ್ಕು ದೇಶದಲ್ಲಿ ತಂಡ ಇಳಿಸಿದವನು ನಾನು. ನಂಗೆ ನೀನು ಹೇಳ್ಕೊಡ್ತೀಯಾ?"

ಮಾರಪ್ಪನ ಮುಖ ಚಿಕ್ಕದಾಯಿತು. "ಅಯ್ಯೋ ಇಲ್ಲ ಸಾರ್, ನಾನೇ ತಪ್ಪು ಬರ್ಕೊಂಡಿರ್ಬೇಕು" ಎಂದು, ಪುಸ್ತಕದಲ್ಲಿ ಏನನ್ನೋ ಹೊಡೆದುಹಾಕಿ, ರೆಫರಿಗೆ ಕೈ ಮಾಡಿದ. ಒಬ್ಬಳು ಹೊರಗೆ ಬಂದಳು. ಕೋಣಂದೂರು ಗೆರೆ ದಾಟಿ, ಎಡಗೈಯನ್ನು ಎದೆಗೆ ಒತ್ತಿಕೊಂಡು, ಆ ದೂರದ ಗೋಲಿನ ಬಾಯಿಗೆ ಓಡಿದಳು. ಪ್ರೇಕ್ಷಕರಲ್ಲಿ ಯಾರೋ ಶಿಳ್ಳೆ ಹಾಕಿದರು. "ಇದಪ್ಪ ತಲೆ ಅಂದ್ರೆ" ಎಂದರು ಶ್ರೀಕರ.

ನವ್ಯಾ ಮೂಲೆಯಲ್ಲಿ ಚೆಂಡನ್ನು ಇಟ್ಟು, ಸಮಾಧಾನವಾಗದೆ ತೆಗೆದು, ಮತ್ತೆ ಇಟ್ಟಳು. ಆಗ ಅವನಿಗೆ ಎಡಗೈ ತಣ್ಣಗಿರುವುದು ಗೊತ್ತಾಯಿತು. ಬಿಸಿಲಿನಲ್ಲಿ ಇದೊಂದೇ ಕೈ ಯಾಕೆ ತಣ್ಣಗಿದೆ. ನೋಡಿದ. ಕೈಯಲ್ಲೊಂದು ಒದ್ದೆ ಟವೆಲು, ನೀರು ಬೆರಳಿನಿಂದ ತೊಟ್ಟಿಕ್ಕಿ ಅಂಗಿಯ ತೋಳು ನೆನೆದಿತ್ತು, ಟವೆಲಿನೊಳಗೆ ಅಡಿಕೆಯಷ್ಟಾಗಿ ಉಳಿದ ಐಸಿನ ಚೂರು, ಟವೆಲಿಗೆ ಅಂಟಿದ ಉದ್ದನೆಯ ಕೂದಲೆಳೆ ಒಂದು. ಕೂದಲೆಳೆಯನ್ನು ನೋಡಿದ. ಆಮೇಲೆ ತೆಂಗಿನಕಾಯಿ ಒಡೆದ ಸದ್ದು ಕೇಳಿಸಿತು, ಈಗ ಒಡೆದ ಹಾಗೆ.

ತಡೆಯಬೇಕು. ಕೂಗಬೇಕು. ಏನೆಂದು ಕೂಗಬೇಕು? ಕೋಣಂದೂರು ಎಂದು ಗೆರೆಯಿಂದ ಕೂಗಿದರೆ ಅವಳ ಮೈಗೆ ಅದರ ಅರ್ಥ ಒಂದೇ. ಒಂದು ವರ್ಷ ದಿನಾ ಬೆಳಿಗ್ಗೆ ಮಾವಿನ ಮರದ ಕೆಳಗೆ ಅವನು ಆ ಊರಿನ ಹೆಸರು ಕೂಗಿದ್ದು ಅವಳು ಜಿಗಿಯಲಿ ಎಂದು; ನೂರು ಸಲ ಕೂಗು, ನೂರು ಸಲ ಜಿಗಿತ. ಈಗ ಕೂಗಿದರೂ ಜಿಗಿಯುತ್ತಾಳೆ. ಅವಳನ್ನು ನಿಲ್ಲಿಸಲು ಅವಳ ಹೆಸರೇ ಬೇಕು, ಅಪ್ಪ ಅಮ್ಮ ಇಟ್ಟ ಹೆಸರು, ಈಗ ತಾನೆ ಮುಷ್ಟಿಯಲ್ಲಿದ್ದದ್ದು. ಮುಷ್ಟಿಯಲ್ಲಿ ನೀರಿತ್ತು. ನವ್ಯಾ ನಾಲ್ಕು ಹೆಜ್ಜೆ ಹಿಂದೆ ಬಂದು ಕೈ ಎತ್ತಿದಳು.

ಕೋಚ್ ಆದ ಮೇಲೆ ಆಟ ನಡೆಯುವಾಗ ಶ್ರೇಯಾಂಸ ಒಮ್ಮೆಯೂ ಸುಣ್ಣದ ಗೆರೆ ದಾಟಿರಲಿಲ್ಲ. ರೆಫರಿಗೆ ಬಯ್ದಿದ್ದ, ಬಾಟಲಿ ಒದ್ದಿದ್ದ, ಗೆರೆಯ ಮೇಲೆ ಕಾಲಿಟ್ಟಿರಲಿಲ್ಲ. ಈಗ ದಾಟಿ ಓಡಿದ. ಬಲಗಾಲಿನ ಮಂಡಿ ಮೂರನೆಯ ಹೆಜ್ಜೆಗೇ ಕೂಗಿಕೊಂಡಿತು. ಕುಂಟುತ್ತಾ, ಟವೆಲು ಬೀಸುತ್ತಾ, ಬಾಯಲ್ಲಿ ಏನೇನೋ ಕೂಗುತ್ತಾ ಓಡಿದ. ಬೇಡ, ನಿಲ್ಲು, ಬೇಡವೇ ತಾಯಿ. ಜನ ಮೊದಲು ಗೊಳ್ಳೆಂದು ನಕ್ಕರು. "ಸಾರ್ ತಾವೇ ಹೆಡ್ ಮಾಡ್ತಾರೆ ಕಣ್ರೋ!" ರೆಫರಿ ಸೀಟಿ ಊದಿದ, ಮತ್ತೆ ಮತ್ತೆ ಊದಿದ. ನವ್ಯಾ ಎತ್ತಿದ ಕಾಲನ್ನು ಕೆಳಗಿಟ್ಟಳು. ಚೆಂಡು ಮೂಲೆಯಲ್ಲಿ ಹಾಗೇ ಉಳಿಯಿತು.

ಅವನು ಗೋಲಿನ ಬಾಯಿಗೆ ಬಂದು, ಅವಳ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಕೂದಲು ಬಿಸಿಯಾಗಿತ್ತು. ಉಸಿರು ಸಿಗುತ್ತಿರಲಿಲ್ಲ.

"ಏನ್ ಸರ್ ಇದು?" ಎಂದ ರೆಫರಿ.

"ಇವಳು ಆಗ್ಲೇ ಹೊರಗೆ ಬಂದವಳು. ಪೆಟ್ಟಾಗಿದೆ. ನಾನೇ ತೆಗೆದಿದ್ದೆ." ಅವನು ಸುತ್ತ ನಿಂತ ಹುಡುಗಿಯರಿಗೆಲ್ಲ ಕೇಳಿಸುವಂತೆ ಹೇಳಿದ: "ಮರೆತುಹೋಯ್ತು. ಮರೆತು ಮತ್ತೆ ಕಳಿಸಿದೆ. ಮಾರಪ್ಪ ಸರಿಯಾಗೇ ಬರ್ಕೊಂಡಿದ್ದ."

ರೆಫರಿ ಪುಸ್ತಕ ತೆಗೆಯುತ್ತಾ, "ಹಾಗಾದ್ರೆ ಮ್ಯಾಚು..." ಎಂದ. "ಹೌದು. ಸೋತ ಹಾಗೆ" ಎಂದ ಶ್ರೇಯಾಂಸ. ಯಾರೂ ನಗಲಿಲ್ಲ. ಈ ಸಲ ಇದನ್ನು ತಮಾಷೆ ಎಂದು ತಿಳಿಯಲು ಹುಡುಗಿಯರು ಅವನ ಮುಖವನ್ನೇ ನೋಡುತ್ತಾ ಕಾದರು, ಆ ನಗು ಬರಲಿಲ್ಲ.

ಅವಳು ಅವನ ಕೈಗಳ ನಡುವಿನಿಂದ ಕಣ್ಣೆತ್ತಿ ನೋಡಿದಳು. "ಸರ್" ಎಂದಳು, "ಈಗ ನಮ್ದು ಯಾವ ಗೋಲ್?"

ಅವನು ಈ ಕಡೆ ನೋಡಿದ, ಆ ಕಡೆ ನೋಡಿದ. ಎರಡು ಕಡೆಯೂ ಅದೇ ಬಿಳಿಯ ಕಂಬ, ಅದೇ ಹರಿದ ಬಲೆ, ಬಲೆಯ ಹಿಂದೆ ಅದೇ ಧೂಳು. "ನಂಗೂ ಗೊತ್ತಾಗ್ತಾ ಇಲ್ಲ ಕಣೆ" ಎಂದ.

"ಹೌದಾ ಸರ್?"

"ಹ್ಞೂಂ."

ಜೇಬಿನಿಂದ ಚೀಟಿ ತೆಗೆದು ಬಿಡಿಸಿ ಅವಳ ಮುಂದೆ ಹಿಡಿದ. ಒದ್ದೆ ಕೈಯಿಂದ ಅಕ್ಷರಗಳು ಕದಡತೊಡಗಿದ್ದವು. "ಇದ್ರಲ್ಲಿ ನಿಂದು ಯಾವುದು, ತೋರ್ಸು." ಅವಳು ಹುಬ್ಬು ಗಂಟಿಕ್ಕಿ, ಕಷ್ಟದ ಲೆಕ್ಕವೊಂದನ್ನು ಬಿಡಿಸುವವಳ ಹಾಗೆ ಮೇಲಿನಿಂದ ಕೆಳಗೆ ಒಂದೊಂದೇ ಹೆಸರಿನ ಮೇಲೆ ಬೆರಳು ಸರಿಸಿದಳು. ಐದನೆಯದರ ಮೇಲೆ ಬೆರಳು ನಿಂತಿತು. ಅದು ಅವಳದೇ ಹೆಸರೆಂದು ಆ ಹೊತ್ತಿಗೆ ಇಬ್ಬರೂ ನಂಬಿಕೊಳ್ಳಬೇಕಾಗಿತ್ತು.

"ಹರಿಪ್ರಿಯಾ" ಎಂದು ಅವನು ಓದಿದ.

"ಹಾಜರ್ ಸರ್" ಎಂದಳು ಅವಳು.

ದೂರದ ಗೇಟಿನಲ್ಲಿ ಆಟೋದಿಂದ ಇಳಿದ ಜಿನಶ್ರೀ ಓಡಿಬರುತ್ತಿದ್ದಳು. ಬೆಂಚು ಮೈದಾನದ ಆಚೆ ಇತ್ತು, ಅಲ್ಲಿ ಶ್ರೀಕರ ಬಿಳಿ ಅಂಗಿಯಲ್ಲಿ ನಿಂತಿದ್ದರು. ಅಷ್ಟು ದೂರ ಹೋಗಬೇಕಾಗಿಲ್ಲ ಎಂದು ಶ್ರೇಯಾಂಸನಿಗೆ ಗೊತ್ತಿತ್ತು. ಹೊರಗೆ ಹೋಗುವವರು ಹತ್ತಿರದ ಗೆರೆ ದಾಟಿ ಹೋಗಬೇಕು. ಅದೊಂದು ಇನ್ನೂ ಅಳಿಸಿರಲಿಲ್ಲ. ಅವಳ ಕೈ ಹಿಡಿದುಕೊಂಡು, ಗೋಲಿನ ಕಂಬದ ಪಕ್ಕಕ್ಕೆ, ಆರು ಹೆಜ್ಜೆ ಆಚೆ ಕಾಣುತ್ತಿದ್ದ ಸುಣ್ಣದ ಕಡೆಗೆ ನಡೆದ. ಪ್ರತಿ ಹೆಜ್ಜೆಗೂ ಬಾಯಲ್ಲಿ ಆ ಹೆಸರನ್ನು ಹೇಳಿಕೊಳ್ಳುತ್ತಿದ್ದ, ಗಟ್ಟಿಯಾಗಿ, ಅವಳಿಗೂ ಕೇಳಿಸುವ ಹಾಗೆ.